ಟೌನ್ ಹಾಲ್ ಅಂದರೆ ಸಭೆಯೋ ಕಟ್ಟಡವೋ? ಬಳ್ಳಾರಿಯ ಕಟ್ಟೆಯ ಮೇಲೆ ಎದ್ದ ಒಂದು ಪ್ರಶ್ನೆ

ಬೆಂಗಳೂರಿನ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮಗ ಹಬ್ಬಕ್ಕೆಂದು ಬಳ್ಳಾರಿಗೆ ಬಂದಿದ್ದ. ಸಂಜೆ ಬ್ರೂಸ್‌ಪೇಟೆಯಲ್ಲಿರುವ ನಮ್ಮ ಸೋದರಮಾವನ ಮನೆ ಕಟ್ಟೆಯ ಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹರವಿಕೊಂಡು ಕೂತಿದ್ದೆವು. ಹುಡುಗ ಫೋನ್ ನೋಡಿ, "ನಾಳೆ ಹನ್ನೊಂದಕ್ಕೆ ಟೌನ್ ಹಾಲ್ ಐತೆ ದೊಡ್ಡಪ್ಪ, ಎಲ್ಲೂ ಬರಾಕಾಗಲ್ಲ" ಅಂದ. ಹರೆಯದಲ್ಲಿ ಹವ್ಯಾಸಿ ನಾಟಕಗಳಿಗೆ ಬಣ್ಣ ಹಚ್ಚಿದ್ದ ಮಾವ ತಟ್ಟನೆ ಕಿವಿ ನೆಟ್ಟಗೆ ಮಾಡಿದರು. "ಯಾವ ನಾಟಕ?"

"ನಾಟಕ ಅಲ್ಲ ತಾತ, ಕಂಪನಿ ಮೀಟಿಂಗು. ದೊಡ್ಡ ಸಾಹೇಬರು ಎಲ್ಲರ ಜೊತೆ ಒಂದೇ ಸಲ ಮಾತಾಡ್ತಾರಲ್ಲ, ಅದಕ್ಕೆ ಟೌನ್ ಹಾಲ್ ಅಂತಾರೆ."

"ಹಾಲ್ ಎಲ್ಲೈತೆ?"

"ಹಾಲ್ ಇಲ್ಲ. ಲ್ಯಾಪ್‌ಟಾಪ್‌ನಾಗೆ."

ಮಾವ ಮಿರ್ಚಿ ಮುರಿಯುತ್ತಾ ತಲೆ ಅಲ್ಲಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಹುಡುಗನೇ ಕೇಳಿದ: "ಅದಿರಲಿ ತಾತ, ನಮ್ಮ ಬಳ್ಳಾರಿ ಟೌನ್ ಹಾಲ್ ಯಾವುದು?" ಮಾವ ಬಾಯಿ ತೆರೆದವರು ಹಾಗೇ ನಿಂತರು. ರಾಘವ ಕಲಾಮಂದಿರ ಅನ್ನೋಣವೆಂದರೆ ಅದು ನಾಟಕದ ಮನೆ. ಪಾಲಿಕೆ ಕಚೇರಿ ಅನ್ನೋಣವೆಂದರೆ ಅಲ್ಲಿ ನಾಟಕವಿಲ್ಲ. ಸಾವಿರಾರು ಜನ ಸೇರುವ ಜಾಗ ಅನ್ನೋಣವೆಂದರೆ ಮುನ್ಸಿಪಲ್ ಮೈದಾನ, ಅದಕ್ಕೆ ಸೂರೇ ಇಲ್ಲ. ಮೂರೂ ಅರ್ಧರ್ಧ ಉತ್ತರ. ಟೌನ್ ಹಾಲ್ ಎಂಬ ವಸ್ತು ಹುಟ್ಟಿದ್ದು ಹೇಗೆ, ಹಳೆಯ ಟೌನ್ ಹಾಲ್‌ಗಳು ಈಗ ಏನು ಮಾಡುತ್ತಿವೆ, ಅಂಥದ್ದೊಂದು ಕಟ್ಟಡ ಬೀಳುವ ಸ್ಥಿತಿಗೆ ಬಂದರೆ ಕಾನೂನು ಯಾರ ಕೈಯಲ್ಲಿದೆ ಎಂದು ತಿಳಿದರೆ ಈ ಅರ್ಧರ್ಧ ಉತ್ತರಗಳು ಯಾಕೆ ಬಂದವು ಅನ್ನುವುದೂ ಗೊತ್ತಾಗುತ್ತದೆ.

ಪುರಸಭೆ, ಪುರಭವನ: ಎರಡೂ ಬೇರೆ

ಮೊದಲು ಹೆಸರಿನ ಗೋಜಲು ಬಿಡಿಸಿಕೊಳ್ಳೋಣ. ಪುರಸಭೆ ಅಂದರೆ ಆಡಳಿತ ಮಂಡಳಿ, ಅಂದರೆ ಚುನಾಯಿತ ಸದಸ್ಯರು, ಅಧಿಕಾರಿಗಳು, ತೆರಿಗೆ ಪುಸ್ತಕ. ಪುರಭವನ ಅಂದರೆ ಕಟ್ಟಡ, ಇಂಗ್ಲಿಷಿನ ಟೌನ್ ಹಾಲ್‌ಗೆ ನಾವು ಕೊಟ್ಟ ಕನ್ನಡ ಹೆಸರು. ಕರ್ನಾಟಕದಲ್ಲಿ ಊರಿನ ಜನಸಂಖ್ಯೆ ನೋಡಿ ಆಡಳಿತ ಮಂಡಳಿಯ ಹೆಸರು ಬದಲಾಗುತ್ತದೆ. ಸಣ್ಣ ಪೇಟೆಗೆ ಪಟ್ಟಣ ಪಂಚಾಯಿತಿ, 20 ಸಾವಿರ ದಾಟಿದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ, 3 ಲಕ್ಷ ದಾಟಿದರೆ ಮಹಾನಗರ ಪಾಲಿಕೆ. 2011ರ ಜನಗಣತಿಯಲ್ಲಿ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. ಈಗ ಪಾಲಿಕೆಗೆ 39 ವಾರ್ಡು. ಆದರೂ ನಮ್ಮಲ್ಲಿ ಹಿರಿಯರು ಯಾರೂ "ಪಾಲಿಕೆಗೆ ಹೋಗಿ ಬಂದೆ" ಅನ್ನುವುದಿಲ್ಲ, "ಮುನ್ಸಿಪಾಲ್ಟಿಗೆ ಹೋಗಿದ್ದೆ" ಅನ್ನುತ್ತಾರೆ. ಆ ಹಳೆಯ ಪದವನ್ನು ಹಿಡಿದುಕೊಂಡೇ ಹಿಂದಕ್ಕೆ ಹೋಗಬೇಕು.

ಮೊದಲು ಬಂದದ್ದು ತೆರಿಗೆ

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ, ಕಡಪ, ಅನಂತಪುರ, ಕರ್ನೂಲು ಭಾಗಗಳನ್ನು ದತ್ತಮಂಡಲ ಎಂದು ಕರೆದದ್ದು ಇದೇ ಕಾರಣಕ್ಕೆ. ಥಾಮಸ್ ಮನ್ರೋ ಮೊದಲ ಪ್ರಧಾನ ಕಲೆಕ್ಟರಾಗಿ ಬಂದ. ಅಲ್ಲಿಂದ 1953ರವರೆಗೆ ನಮ್ಮ ಆಡಳಿತದ ದಾರಿ ಮದರಾಸಿನ ಕಡೆಗಿತ್ತು. ತುಂಗಭದ್ರೆಯ ಆಚೆ ದಡದ ರಾಯಚೂರು ನಿಜಾಮನ ಕೈಯಲ್ಲೇ ಉಳಿಯಿತು, ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಹೊಳೆಯ ಎರಡು ದಡಗಳಲ್ಲಿ ಎರಡು ಬಗೆಯ ಊರಾಡಳಿತ ಬೆಳೆದದ್ದಕ್ಕೆ ಇದೇ ಮೂಲ.

ಮದರಾಸು ಪ್ರಾಂತ್ಯದ ಮುನ್ಸಿಪಾಲ್ಟಿಗಳಿಗೆ ಬುನಾದಿ 1865ರ ಪಟ್ಟಣ ಸುಧಾರಣಾ ಕಾಯ್ದೆ. ಬಳ್ಳಾರಿಗೆ ಮುನ್ಸಿಪಾಲ್ಟಿ ಬಂದದ್ದೂ ಆ ದಶಕದಲ್ಲೇ. ಹೆಸರು ಕೇಳಿದರೆ ಜನರಿಗೆ ಅಧಿಕಾರ ಕೊಟ್ಟ ಹಾಗೆ ಅನ್ನಿಸುತ್ತದೆ. ನಿಜದಲ್ಲಿ ಅದರ ಹಿಂದಿದ್ದದ್ದು ಖರ್ಚಿನ ಲೆಕ್ಕ. 1857ರ ದಂಗೆಯ ನಂತರ ಸರ್ಕಾರದ ಬೊಕ್ಕಸ ಬರಿದಾಗಿತ್ತು. ಪಟ್ಟಣದ ಪೊಲೀಸು, ರಸ್ತೆ, ಚರಂಡಿ, ಸಿಡುಬಿನ ಲಸಿಕೆ ಇದನ್ನೆಲ್ಲ ಪಟ್ಟಣದವರೇ ಭರಿಸಲಿ ಅನ್ನುವುದು ಆಳುವವರ ಲೆಕ್ಕಾಚಾರ. ದೊಡ್ಡ ಕೂಡು ಕುಟುಂಬದಲ್ಲಿ ಯಜಮಾನ ಒಂದು ದಿನ ಮಗನನ್ನು ಕರೆದು "ನಿನಗೆ ಬೇರೆ ಒಲೆ ಕೊಡ್ತೀನಿ, ಸಾಮಾನು ನೀನೇ ತಗೊ" ಅಂದ ಹಾಗೆ. ಒಲೆ ಸಿಕ್ಕಿತು, ಖರ್ಚೂ ಜೊತೆಗೇ ಸಿಕ್ಕಿತು. ಏನು ಬೇಯಿಸಬೇಕು ಅನ್ನುವುದನ್ನು ಮಾತ್ರ ಇನ್ನೂ ಯಜಮಾನನೇ ಹೇಳುತ್ತಿದ್ದ. ಯಾಕೆಂದರೆ ಸದಸ್ಯರು ಸರ್ಕಾರ ನೇಮಿಸಿದವರು, ಮೇಲೆ ಕೂತವನು ಕಲೆಕ್ಟರು.

ತಿರುವು ಬಂದದ್ದು 1882ರ ಮೇ 18ರಂದು. ಅಂದು ವೈಸರಾಯ್ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ. ಜನ ತಮ್ಮ ಊರನ್ನು ತಾವೇ ನಡೆಸಲು ಕಲಿಯಬೇಕು, ತಪ್ಪಿದರೂ ಸರಿ, ಅದೂ ಒಂದು ಶಿಕ್ಷಣವೇ ಅನ್ನುವುದು ಅದರ ಧೋರಣೆ. 1884ರಲ್ಲಿ ಮದರಾಸಿನ ಜಿಲ್ಲಾ ಮುನ್ಸಿಪಾಲಿಟಿ ಕಾಯ್ದೆ ಬಂತು, ಚುನಾಯಿತ ಸದಸ್ಯರಿಗೆ ದಾರಿ ತೆರೆಯಿತು. ಮತ ಹಾಕುವ ಹಕ್ಕಿದ್ದದ್ದು ತೆರಿಗೆ ಕಟ್ಟುವ ಅನುಕೂಲಸ್ಥ ಗಂಡಸರಿಗೆ ಮಾತ್ರ. ಆದರೂ ಸಾರ್ವಜನಿಕವಾಗಿ ನಿಂತು ಮತ ಕೇಳಬೇಕು, ವಾದ ಮಾಡಬೇಕು, ಲೆಕ್ಕ ಒಪ್ಪಿಸಬೇಕು ಅನ್ನುವ ಪದ್ಧತಿ ಶುರುವಾದದ್ದು ಅಲ್ಲಿಂದ.

ಆ ಮಾತಿಗೆ ಒಂದು ಜಾಗ ಬೇಕಾಯಿತು. ನಮ್ಮ ಊರುಗಳಲ್ಲಿ ಜನ ಸೇರುವ ಜಾಗಗಳಿಗೆ ಮೊದಲೂ ಬರವಿರಲಿಲ್ಲ. ದೇವಸ್ಥಾನದ ಕಟ್ಟೆ, ಮಠ, ಮಸೀದಿಯ ಅಂಗಳ, ಛತ್ರ, ಚಾವಡಿ ಎಲ್ಲವೂ ಇದ್ದವು. ಆದರೆ ಒಂದೊಂದಕ್ಕೂ ಯಾರು ಒಳಗೆ ಬರಬಹುದು, ಯಾರು ಎಲ್ಲಿ ಕೂರಬಹುದು ಎಂಬ ಕಟ್ಟಳೆಯಿತ್ತು. ಜಾತಿ, ಮತ ಕೇಳದೆ "ಈ ಊರಿನವನು" ಅನ್ನುವ ಒಂದೇ ಕಾರಣಕ್ಕೆ ಬಾಗಿಲು ತೆರೆಯುವ ಕಟ್ಟಡ ಹೊಸದು. ಟೌನ್ ಹಾಲ್ ಕಾಗದದ ಮೇಲೆ ಕೊಟ್ಟ ಭರವಸೆ ಇದು. ಆಚರಣೆಯಲ್ಲಿ ಮುಂದಿನ ಸಾಲು ಪೇಟ ಕೋಟಿನವರದ್ದೇ ಆಗಿತ್ತು.

ದುಡ್ಡು ಯಾರದ್ದು, ಹೆಸರು ಯಾರದ್ದು

ಮುನ್ಸಿಪಾಲ್ಟಿಯ ತೆರಿಗೆ ಚರಂಡಿಗೇ ಸಾಲುತ್ತಿರಲಿಲ್ಲ. ಹಾಗಿದ್ದರೆ ಅಷ್ಟು ದೊಡ್ಡ ಹಾಲ್‌ಗಳು ಎದ್ದದ್ದು ಹೇಗೆ? ಹೆಚ್ಚಿನ ಕಡೆ ಚಂದಾ ಎತ್ತಿ. ಚಂದಾ ಎತ್ತಲು ಒಂದು ನೆಪ ಬೇಕು. ರಾಣಿಯ ಜ್ಯೂಬಿಲಿ, ದೊರೆಯ ಹುಟ್ಟುಹಬ್ಬ, ತೀರಿಕೊಂಡ ದಿವಾನರ ನೆನಪು, ಹೀಗೆ. ಇಂದು ನಮ್ಮ ಗಣೇಶ ಮಂಡಳಿಯವರು ರಸೀದಿ ಪುಸ್ತಕ ಹಿಡಿದು ಬರುವುದಕ್ಕೂ ಅದಕ್ಕೂ ಅಂಥ ವ್ಯತ್ಯಾಸವಿಲ್ಲ. ಹೆಚ್ಚು ಕೊಟ್ಟವರ ಹೆಸರು ಆಗಲೂ ಕಲ್ಲಿನ ಮೇಲೆ ಬೀಳುತ್ತಿತ್ತು.

ಮೈಸೂರಿನ ರಂಗಾಚಾರ್ಲು ಸ್ಮಾರಕ ಭವನ ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ್ದು. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಶುರುಮಾಡಿದವರು ಅವರೇ. 1883ರಲ್ಲಿ ತೀರಿಕೊಂಡರು, ಮರುವರ್ಷ ಭವನ ಎದ್ದಿತು. ಮದರಾಸಿನ ವಿಕ್ಟೋರಿಯಾ ಪಬ್ಲಿಕ್ ಹಾಲ್ 1887ರ ರಾಣಿ ಜ್ಯೂಬಿಲಿಯ ನೆನಪಿನ ಕಟ್ಟಡ. ರಾಬರ್ಟ್ ಚಿಶೋಮ್ ನಕ್ಷೆ, ನಂಬೆರುಮಾಳ್ ಚೆಟ್ಟಿಯ ಕಂಟ್ರಾಕ್ಟು, ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲಿ ಕೆಂಪು ಇಟ್ಟಿಗೆಯ ಗೋಪುರ. 1897ರ ಫೆಬ್ರುವರಿಯಲ್ಲಿ, ಅಮೆರಿಕದಿಂದ ಮರಳಿದ ವಿವೇಕಾನಂದರು ಮಾತಾಡಿದ್ದು ಅಲ್ಲಿ.

ರಾಯಚೂರು, ಕೊಪ್ಪಳದವರಿಗೆ ರಾಜಧಾನಿಯಾಗಿದ್ದ ಹೈದರಾಬಾದಿನ ಕಥೆ ಇನ್ನೂ ಮಜವಾಗಿದೆ. ಆರನೆಯ ನಿಜಾಮನಿಗೆ 40 ತುಂಬಿದ ನೆನಪಿಗೆ ಜನ ಚಂದಾ ಹಾಕಿ ಅಲ್ಲಿನ ಟೌನ್ ಹಾಲ್ ಕಟ್ಟಲು ಹೊರಟರು. 1905ರಲ್ಲಿ ಶುರುವಾಗಿ 1913ರಲ್ಲಿ ಮುಗಿಯಿತು. ಮುಂದೆ ಅದೇ ಕಟ್ಟಡ ವಿಧಾನಸಭೆಯಾಯಿತು. ಊರಿನ ಹಾಲ್ ರಾಜ್ಯದ ಹಾಲ್ ಆದದ್ದು ಹೀಗೆ. ಬೆಂಗಳೂರಿನ ಟೌನ್ ಹಾಲ್ ಇವುಗಳ ಮುಂದೆ ಕಿರಿಯದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು, 1935ರಲ್ಲಿ ಉದ್ಘಾಟನೆಯಾಯಿತು. ಬೆಂಗಳೂರು ಮುನ್ಸಿಪಾಲಿಟಿಯ ಅಧ್ಯಕ್ಷರಾಗಿದ್ದ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿ ಅವರ ಹೆಸರು ಅದಕ್ಕಿದೆ.

ಬಳ್ಳಾರಿಯ ವಕೀಲರು ಮದರಾಸಿಗೆ ಹೋದಾಗ

ಟೌನ್ ಹಾಲ್ ಕಾಲದ ಮನುಷ್ಯ ಯಾರೆಂದು ಕೇಳಿದರೆ ನಾನು ವಕೀಲ ಅನ್ನುತ್ತೇನೆ. ಇಂಗ್ಲಿಷು ಬಲ್ಲವನು, ಮಾತು ಬಲ್ಲವನು, ಕೋರ್ಟು ಮುಗಿದ ಮೇಲೆ ಸಂಜೆ ಕೈಯಲ್ಲಿ ಬಿಡುವಿದ್ದವನು. ಮುನ್ಸಿಪಲ್ ಸದಸ್ಯನೂ ಅವನೇ, ಭಾಷಣಕಾರನೂ ಅವನೇ. ಬಳ್ಳಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ನಟನೂ ಅವನೇ ಆದ.

ಇಲ್ಲಿ ವಕೀಲಿ ಮಾಡುತ್ತಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭಾ ಎಂಬ ನಾಟಕ ತಂಡ ಕಟ್ಟಿದರು. ಅದಕ್ಕೆ ಪೈಪೋಟಿಯಾಗಿ ಇನ್ನೊಬ್ಬ ವಕೀಲರಾದ ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮ ಸಭಾ ಕಟ್ಟಿದರು. ಇಬ್ಬರೂ ತೆಲುಗಿನಲ್ಲಿ ಬರೆದವರು. ಕನ್ನಡ, ತೆಲುಗು ಎರಡೂ ಒಂದೇ ಬೀದಿಯಲ್ಲಿ ನಡೆಯುವ ಊರಿನಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. 1891ರಲ್ಲಿ ಸರಸ ವಿನೋದಿನಿ ತಂಡ ಮದರಾಸಿಗೆ ಹೋಗಿ ನಾಟಕವಾಡಿತು. ಓದಿದವರು, ಮಾನ್ಯರು ಅನ್ನಿಸಿಕೊಂಡವರು ವೇಷ ಹಾಕಿ ರಂಗಕ್ಕೆ ಬರಬಹುದು ಎಂದು ಅಲ್ಲಿನ ಯುವಕ ಪಮ್ಮಲ್ ಸಂಬಂಧ ಮುದಲಿಯಾರ್ ಕಣ್ಣಾರೆ ಕಂಡರು. ಅದೇ ವರ್ಷ ಅವರು ಗೆಳೆಯರೊಂದಿಗೆ ಸುಗುಣ ವಿಲಾಸ ಸಭಾ ಶುರುಮಾಡಿದರು. ಆಧುನಿಕ ತಮಿಳು ರಂಗಭೂಮಿಯ ಚರಿತ್ರೆ ಹೇಳುವವರು ಈ ಸಭಾದಿಂದ ಶುರುಮಾಡುವುದುಂಟು. ಅದು ತನ್ನ ನಾಟಕಗಳನ್ನು ಆಡಿದ್ದು ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ.

ರಾಮಕೃಷ್ಣಮಾಚಾರ್ಯರ ಸೋದರಳಿಯನೇ ಹೆಸರಾಂತ ನಟ ಬಳ್ಳಾರಿ ರಾಘವ. ಅವರೂ ವಕೀಲರೇ. 1946ರಲ್ಲಿ ತೀರಿಕೊಂಡ ಅವರ ಹೆಸರಿನಲ್ಲಿ ಊರಿನಲ್ಲಿ ಕಲಾಮಂದಿರವಿದೆ. ನಮ್ಮ ಮಾವ ಮೊದಲ ಸಲ ಮುಖಕ್ಕೆ ಬಣ್ಣ ಹಚ್ಚಿಕೊಂಡದ್ದೂ ಅಲ್ಲೇ, ದೂತನ ಪಾತ್ರಕ್ಕೆ, ಒಂದೂವರೆ ಸಾಲು ಮಾತು. ಆ ಅರ್ಧ ಸಾಲು ಮರೆತುಹೋಯಿತಂತೆ.

ಬೇರೆ ಊರಲ್ಲಿ ಪುರಭವನ ಮಾಡಿದ ಕೆಲಸದ ಒಂದು ಪಾಲನ್ನು ಬಳ್ಳಾರಿಯಲ್ಲಿ ನಾಟಕದ ಸಭಾಗಳು ಹೊತ್ತುಕೊಂಡವು. ಹಾಗಾಗಿಯೇ ಹುಡುಗ ಕೇಳಿದಾಗ ಮಾವನ ಬಾಯಿಗೆ ಮೊದಲು ಕಲಾಮಂದಿರ ಬಂದದ್ದು.

ಮೈದಾನ ಮತ್ತು ಚಪ್ಪರ

ಇನ್ನೊಂದು ಪಾಲು ಬಯಲಿಗೆ ಹೋಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಆ ವಿಲೀನದ ಸಮಾರಂಭಕ್ಕೆ ಹಾಕಿದ್ದ ಚಪ್ಪರವನ್ನು ಹಿಂದಿನ ರಾತ್ರಿ ಕಾಯುತ್ತಿದ್ದವರು ಪಿಂಜಾರ ರಂಜಾನ್ ಸಾಬ್. ವಿಲೀನವನ್ನು ವಿರೋಧಿಸಿದ ದುಷ್ಕರ್ಮಿಗಳು ಆಸಿಡ್ ಬಲ್ಬ್ ಎಸೆದರು, ರಂಜಾನ್ ಸಾಬ್ ಪ್ರಾಣಬಿಟ್ಟರು. ಕರ್ನಾಟಕ ಏಕೀಕರಣದ ಹುತಾತ್ಮರಲ್ಲಿ ಅವರ ಹೆಸರಿದೆ. ಈ ಊರಿನ ಬಹುದೊಡ್ಡ ಸಾರ್ವಜನಿಕ ಘಟನೆ ನಡೆದದ್ದು ಗೋಡೆಯೊಳಗಲ್ಲ, ಚಪ್ಪರದ ಕೆಳಗೆ. ಇವತ್ತಿಗೂ ರಾಷ್ಟ್ರ ಮಟ್ಟದ ನಾಯಕರು ಬಂದರೆ ಸಭೆ ನಡೆಯುವುದು ಮುನ್ಸಿಪಲ್ ಮೈದಾನದಲ್ಲಿ. ಹೆಸರಿನಲ್ಲಿ ಮುನ್ಸಿಪಾಲ್ಟಿ ಉಳಿದಿದೆ ನೋಡಿ.

ಗೋಡೆಯ ಒಳಗೇನಿದೆ

ಹಳೆಯ ಸಾರ್ವಜನಿಕ ಕಟ್ಟಡದೊಳಗೆ ಮೇ ತಿಂಗಳ ಮಧ್ಯಾಹ್ನ ಕಾಲಿಟ್ಟವರಿಗೆ ಗೊತ್ತು, ಹೊರಗೆ 42 ಡಿಗ್ರಿ ಇದ್ದರೂ ಒಳಗೆ ಉಸಿರಾಡಬಹುದು. ಇದರಲ್ಲಿ ಮಾಯವೇನಿಲ್ಲ. ಚಾವಣಿ ಎತ್ತರದಲ್ಲಿರುತ್ತದೆ, ಬಿಸಿ ಗಾಳಿ ಮೇಲೇರಿ ಗೋಡೆಯ ತುದಿಯ ಗವಾಕ್ಷಿಗಳಿಂದ ಹೊರಹೋಗುತ್ತದೆ, ಕೆಳಗಿನ ಬಾಗಿಲುಗಳಿಂದ ಬೇರೆ ಗಾಳಿ ಒಳಬರುತ್ತದೆ. ಗೋಡೆ ಎರಡು ಅಡಿಗೆ ಕಡಿಮೆಯಿರುವುದಿಲ್ಲ, ಬಿಸಿಲು ಅದನ್ನು ಕಾಯಿಸಿ ಒಳಮುಖಕ್ಕೆ ಬರುವಷ್ಟರಲ್ಲಿ ಸಂಜೆ. ಸುತ್ತಲಿನ ವರಾಂಡ ನೆರಳು ಕೊಡುತ್ತದೆ. ಎ.ಸಿ. ಹಾಕಬೇಕೆಂದು ಗವಾಕ್ಷಿ ಮುಚ್ಚಿ, ಕೆಳಗೆ ಫಾಲ್ಸ್ ಸೀಲಿಂಗ್ ಹೊಡೆದರೆ ಈ ವ್ಯವಸ್ಥೆ ಒಂದೇ ದಿನಕ್ಕೆ ಸಾಯುತ್ತದೆ. ಆಮೇಲೆ ಕರೆಂಟು ಹೋದಾಗ ಒಳಗೆ ಕೂರಲಾಗದು.

ಮದರಾಸು ಪ್ರಾಂತ್ಯದ ಕಟ್ಟಡಗಳಲ್ಲಿ ಮೇಲೆ ನೋಡಿದರೆ ಇನ್ನೊಂದು ಗುರುತು ಸಿಗುತ್ತದೆ: ಮದ್ರಾಸ್ ಟೆರೇಸ್. ತೇಗದ ತೊಲೆಗಳ ನಡುವೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸಾಲುಗೂಡಿಸಿ, ಸುಣ್ಣದ ಗಾರೆಯಿಂದ ಹಿಡಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಪದರ. ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ತಟ್ಟುತ್ತಿದ್ದರು, ನಡುನಡುವೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಕಬ್ಬಿಣವಿಲ್ಲ, ಸಿಮೆಂಟಿಲ್ಲ. ನಮ್ಮ ಸೀಮೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಜಂತಿ ಹಾಕುತ್ತಾರಲ್ಲ, ಅದರ ಪೇಟೆಯ ಅಣ್ಣ ಇದು ಅನ್ನಿ.

ಈಗ ಸುಣ್ಣದ ವಿಷಯ. ಹಳೆಯ ಕಟ್ಟಡಗಳ ಹೆಚ್ಚಿನ ಜಗಳ ಇಲ್ಲೇ ಹುಟ್ಟುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಬುಸುಗುಟ್ಟಿ ಅರಳುತ್ತದೆ, ಮನೆಗೆ ಸುಣ್ಣ ಹೊಡೆಯುವ ಕಾಲಕ್ಕೆ ಡ್ರಮ್ಮಿನಲ್ಲಿ ಕುದಿಯುವುದನ್ನು ನೋಡಿರುತ್ತೀರಿ. ಅರಳಿದ ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆದರೆ ಗಾರೆ. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ಡೈಆಕ್ಸೈಡನ್ನು ವರ್ಷಗಟ್ಟಲೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಸುತ್ತು ಹೊಡೆದು ಮೊದಲಿನ ಜಾಗಕ್ಕೇ ಬಂದ ಹಾಗೆ.

ಗಾರೆಯ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ನೆಲದಿಂದ ಮೇಲೇರಿದ ತೇವ ಅವುಗಳ ಮೂಲಕ ಹೊರಗೆ ಹೋಗಿ ಆರುತ್ತದೆ. ಹತ್ತಿ ಅಂಗಿ ಹಾಕಿದ ಹಾಗೆ, ಬೆವರು ಆರುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿದರೆ ಆ ಮೈಗೆ ಮಳೆಕೋಟು ತೊಡಿಸಿದ ಹಾಗೆ. ಹೊರಗಿನಿಂದ ನೀಟಾಗಿ ಕಾಣುತ್ತದೆ, ಒಳಗೆ ಬೆವರು ಇಳಿಯುತ್ತಿರುತ್ತದೆ. ಒಂದು ಹಳೆಯ ಸಭಾಂಗಣದಲ್ಲಿ ಇದನ್ನು ನಾನೇ ನೋಡಿದ್ದೇನೆ, ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಹೊಸದಾಗಿ ಬಣ್ಣ ಬಳಿದ ಗೋಡೆ, ನೆಲದಿಂದ ಮೊಣಕಾಲೆತ್ತರಕ್ಕೆ ಅಪ್ಪಳದ ಹಾಗೆ ಉಬ್ಬಿತ್ತು. ಐದು ರೂಪಾಯಿ ನಾಣ್ಯದಿಂದ ಮೆಲ್ಲಗೆ ಒತ್ತಿದೆ. ಅಂಗೈಯಗಲದ ಸಿಮೆಂಟಿನ ಹೆಕ್ಕಳೆ ಕಳಚಿ ಬಿತ್ತು. ಹಿಂದಿನ ಗಾರೆ ಒದ್ದೆ ಅವಲಕ್ಕಿಯಂತೆ ಮೆತ್ತಗಾಗಿತ್ತು, ಅಂಚಿಗೆ ಬಿಳಿ ಉಪ್ಪು ಹರಳುಗಟ್ಟಿತ್ತು. ಬೆರಳಿಗೆ ಹತ್ತಿದ ಪುಡಿ ನಾಲಿಗೆಗೆ ಉಪ್ಪುಪ್ಪು. ಜೊತೆಗಿದ್ದ ಗೌಂಡಿ, "ಸಿಮೆಂಟ್ ಕಡಿಮೆ ಬಿದ್ದೈತಣ್ಣ" ಅಂದ. ತದ್ವಿರುದ್ಧ.

ಕಟ್ಟಡ "ಶಿಥಿಲ" ಎಂದು ವರದಿ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದರಿಂದಲೇ ಹುಟ್ಟುತ್ತದೆ: ಶಿಥಿಲವಾದದ್ದು ಮೂಲ ಕಟ್ಟಡವೋ, ನಂತರದ ರಿಪೇರಿಯೋ? ನೀರಿಳಿಯುವ ಪೈಪು ಒಡೆದು ಹತ್ತು ಮಳೆಗಾಲ ಗೋಡೆ ನೆನೆದಿದ್ದರೆ ತಪ್ಪು ಗೋಡೆಯದ್ದಲ್ಲ. ಹಾಗಂತ ಹಳೆಯದೆಲ್ಲ ಗಟ್ಟಿ ಎಂದು ಕಣ್ಣುಮುಚ್ಚಿ ನಂಬುವುದೂ ಅಪಾಯ. 2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ಅಲ್ಲಿಗೆ ಹತ್ತಿರದಲ್ಲೇ ಇರುವ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ಹೈಕೋರ್ಟಿನವರೆಗೆ ಹೋಯಿತು.

ಕೋಟೆಗೆ ಕಾವಲಿದೆ, ಕೆಳಗಿನ ಕಟ್ಟಡಕ್ಕೆ?

"ಹಳೇ ಕಟ್ಟಡ ಅಂದ್ಮೇಲೆ ಸರ್ಕಾರ ಮುಟ್ಟಂಗಿಲ್ಲ ಅಲ್ಲೇನು?" ಎಂದು ಹುಡುಗ ಕೇಳಿದ. ಬಹಳ ಜನ ಹಾಗೇ ತಿಳಿದಿದ್ದಾರೆ. ವಯಸ್ಸಾದ ಮಾತ್ರಕ್ಕೆ ಯಾವ ಕಟ್ಟಡಕ್ಕೂ ರಕ್ಷಣೆ ಸಿಗುವುದಿಲ್ಲ. ರೇಷನ್ ಕಾರ್ಡಿನ ಹಾಗೆ, ಅರ್ಹತೆಯೊಂದಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು.

ಪಟ್ಟಿಗಳು ಮೂರು ಹಂತದಲ್ಲಿವೆ. ಎಲ್ಲಕ್ಕಿಂತ ಮೇಲೆ ಕೇಂದ್ರದ್ದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಕನಿಷ್ಠ 100 ವರ್ಷ ಹಳೆಯದಾಗಿ, ರಾಷ್ಟ್ರೀಯ ಮಹತ್ವದ್ದೆಂದು ಘೋಷಣೆಯಾದ ಸ್ಮಾರಕಗಳನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನೋಡಿಕೊಳ್ಳುತ್ತದೆ. ನಮ್ಮ ಬೆಟ್ಟದ ಮೇಲಿನ ಕೋಟೆ ಈ ಸಾಲಿನದು. 2010ರ ತಿದ್ದುಪಡಿಯ ನಂತರ ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿ ಅನುಮತಿ ಪಡೆದು ಕಟ್ಟಬೇಕು. ಎರಡನೆಯದು ರಾಜ್ಯದ್ದು, 1961ರ ಕರ್ನಾಟಕದ ಕಾಯ್ದೆ. ಅದನ್ನು ನೋಡಿಕೊಳ್ಳುವುದು ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ. ದೇವಸ್ಥಾನ, ಕೋಟೆ, ಶಾಸನ, ಗೋರಿಗಳು ಈ ಎರಡೂ ಪಟ್ಟಿಗಳಲ್ಲಿ ಸುಲಭವಾಗಿ ಸೇರುತ್ತವೆ. ನೂರು ವರ್ಷದ ಮಾರುಕಟ್ಟೆ, ಶಾಲೆ, ಆಸ್ಪತ್ರೆ, ಮುನ್ಸಿಪಲ್ ಕಚೇರಿ ಅಷ್ಟು ಸುಲಭಕ್ಕೆ ಸೇರುವುದಿಲ್ಲ, ಯಾಕೆಂದರೆ ಅವನ್ನು ಯಾರೂ ಸ್ಮಾರಕವೆಂದು ನೋಡುವುದಿಲ್ಲ, ಬಳಸುತ್ತಿರುತ್ತಾರೆ.

ಅವುಗಳಿಗಾಗಿ ಇರುವುದು ಮೂರನೆಯ ದಾರಿ, ನಗರ ಯೋಜನೆಯದು. ಕರ್ನಾಟಕದ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ ಎಂಬುದಕ್ಕೆ ವ್ಯಾಖ್ಯೆಯಿದೆ. ಊರಿನ ಮಾಸ್ಟರ್ ಪ್ಲಾನ್ ಮಾಡುವ ಪ್ರಾಧಿಕಾರ, ನಮ್ಮಲ್ಲಾದರೆ ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ), ಇಂಥ ಕಟ್ಟಡಗಳನ್ನು ಗುರುತಿಸಿ, ಕೆಡವುವ ಇಲ್ಲವೇ ಮುಖ ಬದಲಿಸುವ ಮುನ್ನ ಅನುಮತಿ ಬೇಕು ಎಂದು ನಿಯಮ ಮಾಡಬಹುದು. ಮೈಸೂರಿನಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿಯೂ ತಜ್ಞರ ಸಮಿತಿಯೂ ಇರುವುದರಿಂದಲೇ ಅಲ್ಲಿ ಒಂದು ಗೋಡೆ ಬಿದ್ದರೂ ಸುದ್ದಿಯಾಗುತ್ತದೆ. ಇಂಟ್ಯಾಕ್ ಎಂಬ ಸಂಸ್ಥೆಯ ಹೆಸರನ್ನೂ ಕೇಳಿರುತ್ತೀರಿ, 1984ರಲ್ಲಿ ಶುರುವಾದದ್ದು. ಅದು ಹಳೆಯ ಕಟ್ಟಡಗಳನ್ನು ದಾಖಲಿಸುತ್ತದೆ, ಸಲಹೆ ಕೊಡುತ್ತದೆ. ಅದರ ಪಟ್ಟಿಗೆ ಗೌರವವಿದೆ, ಕಾನೂನಿನ ಬಲವಿಲ್ಲ.

ಈಗಿನ ಕೆಲಸ: ಬಾಡಿಗೆ, ಮೆಟ್ಟಿಲು, ಬೀಗ

ಹಳೆಯ ಟೌನ್ ಹಾಲ್‌ಗಳಲ್ಲಿ ಇಂದು ನಡೆಯುವುದು ಬಹುಪಾಲು ಬಾಡಿಗೆಯ ಕಾರ್ಯಕ್ರಮ. ಸಂಘದ ವಾರ್ಷಿಕೋತ್ಸವ, ಭರತನಾಟ್ಯ ರಂಗಪ್ರವೇಶ, ಪುಸ್ತಕ ಬಿಡುಗಡೆ, ಸನ್ಮಾನ. ಬಾಡಿಗೆ ಜೊತೆ ಠೇವಣಿ, ಸ್ವಚ್ಛತೆಯ ಶುಲ್ಕ, ಮೈಕು ಲೈಟಿನವನ ಬಿಲ್ಲು ಬೇರೆ. ಇಲ್ಲೊಂದು ಇಕ್ಕಟ್ಟಿದೆ. ಬಾಡಿಗೆ ಕಡಿಮೆಯಿಟ್ಟರೆ ಚಾವಣಿ ರಿಪೇರಿಗೆ ದುಡ್ಡು ಹುಟ್ಟುವುದಿಲ್ಲ, ಏರಿಸಿದರೆ ಬರೀ ನಾಟಕವಾಡುವ ಹುಡುಗರು ದೂರವಾಗಿ, ಕಂಪನಿಗಳು ಮಾತ್ರ ಉಳಿಯುತ್ತವೆ. ಯಾವ ಪಾಲಿಕೆಯೂ ಇದನ್ನು ಪೂರ್ತಿ ಬಿಡಿಸಿಕೊಂಡಿಲ್ಲ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದು ಸೇರಿಸಿದ 12ನೆಯ ಅನುಸೂಚಿಯಲ್ಲಿ ನಗರಾಡಳಿತಗಳಿಗೆ ಒಪ್ಪಿಸಬಹುದಾದ 18 ವಿಷಯಗಳಿವೆ, ನೀರು, ರಸ್ತೆ, ಸ್ಮಶಾನಗಳ ಜೊತೆಗೆ ಸಾಂಸ್ಕೃತಿಕ, ಶೈಕ್ಷಣಿಕ ಅಂಶಗಳ ಪ್ರೋತ್ಸಾಹವೂ ಅದರಲ್ಲಿ ಒಂದು. ಸಭಾಂಗಣ ನಡೆಸುವುದು ಪಾಲಿಕೆಯ ದಾನಧರ್ಮವಲ್ಲ, ಅದರ ಕೆಲಸದ ಪಟ್ಟಿಗೇ ಸೇರಿದ್ದು.

ಹಾಲ್‌ನ ಒಳಗಿಗಿಂತ ಮೆಟ್ಟಿಲೇ ಹೆಚ್ಚು ಹೆಸರು ಮಾಡಿದ್ದು ಬೆಂಗಳೂರಿನಲ್ಲಿ. ಟೌನ್ ಹಾಲ್ ಮುಂದಿನ ಮೆಟ್ಟಿಲ ಮೇಲೆ ದಶಕಗಳ ಕಾಲ ಪ್ರತಿಭಟನೆಗಳು ನಡೆದವು. ಹಾಲ್ ಬುಕ್ ಮಾಡಲು ದುಡ್ಡು ಬೇಕು, ಮೆಟ್ಟಿಲಿಗೆ ಬೇಡ. 2020ರಲ್ಲಿ ಅಲ್ಲಿನ ಪಾಲಿಕೆಯ ಸಭೆ ಅಲ್ಲಿ ಪ್ರತಿಭಟನೆ ಬೇಡವೆಂದು ನಿರ್ಣಯ ಮಾಡಿತು, ಸಂಚಾರ ದಟ್ಟಣೆಯ ಮಾತೂ ಬಂತು. ನಂತರ ಪ್ರತಿಭಟನೆಗಳು ಫ್ರೀಡಂ ಪಾರ್ಕಿಗೆ ಸೀಮಿತವಾದವು. ನಮ್ಮಲ್ಲಿ ಆ ಮೆಟ್ಟಿಲಿನ ಕೆಲಸವನ್ನು ರಾಯಲ್ ಸರ್ಕಲ್ ಮತ್ತು ಜಿಲ್ಲಾಧಿಕಾರಿ ಕಚೇರಿಯ ಮುಂದಿನ ರಸ್ತೆ ಮಾಡುತ್ತಿವೆ.

ಬೀಗದ ಕಥೆ ಚೆನ್ನೈಯದು. ವಿಕ್ಟೋರಿಯಾ ಹಾಲ್ ನಿಂತ ಜಾಗ ಪಾಲಿಕೆಯದು, ನಡೆಸುತ್ತಿದ್ದದ್ದು ಟ್ರಸ್ಟು, ನಡುವೆ ನಾಮಮಾತ್ರ ಬಾಡಿಗೆಯ 99 ವರ್ಷದ ಗುತ್ತಿಗೆ. ಗುತ್ತಿಗೆ ಮುಗಿದ ಮೇಲೆ ಯಾರದ್ದೆಂಬ ವ್ಯಾಜ್ಯ, ವರ್ಷಗಟ್ಟಲೆ ಹಾಲ್ ಬಳಕೆಯಿಲ್ಲದೆ ಬಿತ್ತು. ಕೊನೆಗೆ ಚೆನ್ನೈ ಪಾಲಿಕೆಯೇ ದುರಸ್ತಿಗೆ ಕೈಹಾಕಿತು. ಹಳೆಯ ಸಾರ್ವಜನಿಕ ಕಟ್ಟಡ ಹಾಳಾಗುವುದು ಮಳೆಗಿಂತ ಹೆಚ್ಚಾಗಿ ಇಂಥ ಕಾಗದಗಳಿಂದ.

ನಮ್ಮೂರಿನದನ್ನು ಹುಡುಕುವುದು ಹೇಗೆ

ಮರುದಿನ ಹುಡುಗನ ಲ್ಯಾಪ್‌ಟಾಪ್ ಟೌನ್ ಹಾಲ್ ಮುಗಿಯಿತು. ಮಾವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರಂತೆ. "ಒಬ್ಬನೂ ಎದ್ದು ನಿಂತು ಕೇಳಲಿಲ್ಲಲ್ಲೋ." "ಕೇಳಿದ್ವಿ ತಾತ, ಟೈಪ್ ಮಾಡಿ."

ಟೈಪ್ ಮಾಡಿ ಕೇಳುವ ವಿದ್ಯೆಯನ್ನೇ ಇಲ್ಲಿಗೂ ಹಚ್ಚೋಣ ಎಂದು ಮೂವರೂ ಕೂತೆವು. ಪಾಲಿಕೆಯ ಬಳಿ ತನ್ನ ಸ್ಥಿರಾಸ್ತಿಗಳ ವಹಿ ಇರುತ್ತದೆ. ಯಾವ ಕಟ್ಟಡ, ಯಾವ ಸರ್ವೆ ನಂಬರು, ಯಾವಾಗ ಕಟ್ಟಿದ್ದು, ಗುತ್ತಿಗೆಗೆ ಕೊಟ್ಟಿದ್ದರೆ ಯಾರಿಗೆ, ಎಷ್ಟು ವರ್ಷಕ್ಕೆ. ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಅದರ ನಕಲು ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬುಡಾಕ್ಕೆ ಬೇರೆ ಅರ್ಜಿ: ಮಾಸ್ಟರ್ ಪ್ಲಾನಿನಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿ ಇದೆಯೇ, ಇದ್ದರೆ ಅದರ ಪ್ರತಿ. ಯಾವುದಾದರೂ ಕಟ್ಟಡವನ್ನು ಶಿಥಿಲ ಎಂದಿದ್ದರೆ ಆ ತಾಂತ್ರಿಕ ವರದಿಯ ಪ್ರತಿಯನ್ನು ಮೂರನೆಯ ಅರ್ಜಿಯಲ್ಲಿ ಕೇಳಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ.

ಮೊದಲ ಅರ್ಜಿ ಬರೆಯುವ ಹೊಣೆ ಮಾವ ವಹಿಸಿಕೊಂಡರು. ಥಾಮಸ್ ಮನ್ರೋನಿಂದ ಶುರುಮಾಡಿದ್ದಾರೆ. ಎರಡು ಪುಟ ಆಗಿದೆ, ಇನ್ನೂ ಬಳ್ಳಾರಿ ರಾಘವ ಬಂದಿಲ್ಲ. ಹುಡುಗ ಪಕ್ಕದಲ್ಲಿ ಕೂತು ಪದ ಎಣಿಸುತ್ತಿದ್ದಾನೆ.